ಮಾದರಿ ಹಡಗಿನ ಹಾಯಿ

ಮಾದರಿ ಹಡಗಿನ ಹಾಯಿ ಎಂದರೆ ಮರದಿಂದ ನಿರ್ಮಿಸಿದ ಹಡಗು ಅಥವಾ ದೋಣಿಯ ಕಿರುಪ್ರತಿಕೃತಿಗೆ ಬಟ್ಟೆಯಿಂದ ತಯಾರಿಸಿ ಕಟ್ಟುವ ಹಾಯಿ. ಮೂಲ ಹಡಗಿನ ಹಾಯಿಯ ಆಕಾರ, ಹೊಲಿಗೆ, ಬಣ್ಣ ಮತ್ತು ಹಗ್ಗಗಳ ಜೋಡಣೆಯನ್ನು ನಿಗದಿತ ಪ್ರಮಾಣಕ್ಕೆ ಇಳಿಸಿ ತೋರಿಸುವುದು ಇದರ ಉದ್ದೇಶ. ಮರದ ಭಾಗಗಳನ್ನು ಅಳತೆಗೆ ತಕ್ಕಂತೆ ಕಿರಿದುಗೊಳಿಸಬಹುದು. ಆದರೆ ಬಟ್ಟೆಯ ನೂಲನ್ನು ಅದೇ ಪ್ರಮಾಣದಲ್ಲಿ ತೆಳುವಾಗಿಸಲು ಸಾಧ್ಯವಿಲ್ಲ. ಆದುದರಿಂದ ಹಾಯಿ ತಯಾರಿಕೆಯು ಮಾದರಿ ನಿರ್ಮಾಣದ ಕಠಿಣ ಹಂತಗಳಲ್ಲಿ ಒಂದಾಗಿದೆ. ನೀರಿನಲ್ಲಿ ಓಡಿಸುವ ರೇಡಿಯೋ ನಿಯಂತ್ರಿತ ಮಾದರಿಗಳಿಗೆ ಪಾಲಿಯೆಸ್ಟರಿನಂತಹ ಕೃತಕ ವಸ್ತುಗಳನ್ನು ಬಳಸಲಾಗುತ್ತದೆ. ಪ್ರದರ್ಶನಕ್ಕಿಡುವ ಮಾದರಿಗಳಲ್ಲಿ ಹತ್ತಿ ಅಥವಾ ಲಿನನ್ ಬಟ್ಟೆಯೇ ರೂಢಿಯಲ್ಲಿದೆ.

ಹಿನ್ನೆಲೆ

ಯುರೋಪಿನ ಹಾಯಿಹಡಗುಗಳಲ್ಲಿ ಅಗಸೆ ನಾರಿನ ಬಟ್ಟೆ ಬಹುಕಾಲ ಬಳಕೆಯಲ್ಲಿತ್ತು. 19ನೆಯ ಶತಮಾನದಲ್ಲಿ ಅಮೆರಿಕದ ಹಡಗುಗಳು ಹತ್ತಿಯ ಹಾಯಿಗಳನ್ನು ಹೆಚ್ಚಾಗಿ ಬಳಸತೊಡಗಿದವು. 1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ಸ್ಪರ್ಧೆಯಲ್ಲಿ ಗೆದ್ದ 'ಅಮೆರಿಕ' ಎಂಬ ವಿಹಾರನೌಕೆಯು ಹತ್ತಿಯ ಹಾಯಿಗಳನ್ನು ಹೊಂದಿತ್ತು. ಅಗಸೆ ನಾರಿನ ಹಾಯಿ ಕಂದುಮಿಶ್ರಿತ ಬೂದುಬಣ್ಣಕ್ಕೂ ಹತ್ತಿಯ ಹಾಯಿ ಹೆಚ್ಚು ಬಿಳುಪಿಗೂ ಹತ್ತಿರವಾಗಿರುವುದರಿಂದ, ಮಾದರಿಯ ಹಾಯಿಗೆ ಬಣ್ಣ ಆರಿಸುವಾಗ ಮೂಲ ಹಡಗಿನ ಕಾಲ ಮತ್ತು ದೇಶವನ್ನು ಗಮನಿಸಲಾಗುತ್ತದೆ.

ಹಳೆಯ ಹಾಯಿಗಳು ಉಳಿದುಬಂದಿರುವುದು ವಿರಳ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲಾದ ಸ್ವೀಡನ್ನಿನ 'ವಾಸಾ' ಯುದ್ಧನೌಕೆಯ ಹತ್ತು ಹಾಯಿಗಳಲ್ಲಿ ಬಿಚ್ಚದೆ ಇರಿಸಿದ್ದ ಆರು ಹಾಯಿಗಳು ಹಡಗಿನೊಳಗೆ ದೊರೆತವು. 1805ರ ಟ್ರಫಾಲ್ಗರ್ ಕದನದಲ್ಲಿ ಬಳಕೆಯಾದ 'ವಿಕ್ಟರಿ' ಹಡಗಿನ ಮುಂಗಂಬದ ಮೇಲಿನ ಹಾಯಿಯೊಂದು ಸುಮಾರು 90 ಗುಂಡಿನ ತೂತುಗಳೊಂದಿಗೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಉಳಿದಿದೆ. ಬರಹದ ಆಕರಗಳಲ್ಲಿ ಡೇವಿಡ್ ಸ್ಟೀಲ್ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ, ಹಡಗಿನ ಹಗ್ಗ ಮತ್ತು ಹಾಯಿಗಳ ಕುರಿತ ಗ್ರಂಥವು ಮಾದರಿ ನಿರ್ಮಾಪಕರಲ್ಲಿ ಪ್ರಸಿದ್ಧವಾಗಿದೆ.

17 ಮತ್ತು 18ನೆಯ ಶತಮಾನಗಳಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ತಯಾರಾದ, ಹೆಚ್ಚಾಗಿ 1:48 ಪ್ರಮಾಣದ ಮಾದರಿಗಳಲ್ಲಿ ಸಾಮಾನ್ಯವಾಗಿ ಹಾಯಿಗಳಿರುತ್ತಿರಲಿಲ್ಲ. ಹಾಯಿಯು ಹಗ್ಗಗಳ ಜೋಡಣೆಯನ್ನೂ ಹಡಗಿನ ಮೇಲ್ಭಾಗವನ್ನೂ ಮರೆಮಾಡುತ್ತದೆ ಎಂಬ ಕಾರಣಕ್ಕೆ ಇಂದಿಗೂ ಹಲವು ನಿರ್ಮಾಪಕರು ಹಾಯಿಯಿಲ್ಲದ ಮಾದರಿಯನ್ನೇ ಇಷ್ಟಪಡುತ್ತಾರೆ. ಹಾಯಿಯಿಲ್ಲದಿದ್ದರೆ ಅನೇಕ ಹಗ್ಗಗಳ ಕೆಲಸವೇ ಅರ್ಥವಾಗುವುದಿಲ್ಲ ಎಂಬುದು ಇನ್ನೊಂದು ಪಕ್ಷದ ವಾದ.

ಪ್ರಮಾಣದ ಸಮಸ್ಯೆ

ಒಂದು ಮಿಲಿಮೀಟರ್ ದಪ್ಪದ ಕ್ಯಾನ್ವಾಸನ್ನು 1:64 ಪ್ರಮಾಣಕ್ಕೆ ಇಳಿಸಿದರೆ ಅದರ ದಪ್ಪ ಸುಮಾರು 0.016 ಮಿ.ಮೀ. ಆಗಬೇಕು. ಸಾಮಾನ್ಯ ನೇಯ್ಗೆಯ ಬಟ್ಟೆಯಲ್ಲಿ ಇದು ಅಸಾಧ್ಯ. ಹೊಲಿಗೆಯ ಸ್ಥಿತಿಯೂ ಹೀಗೆಯೇ. ನಿಜವಾದ ಹಾಯಿಯಲ್ಲಿ ಅಂಗುಲಕ್ಕೆ ಸುಮಾರು ಮೂರು ಹೊಲಿಗೆಗಳಿದ್ದರೆ, 1:48 ಪ್ರಮಾಣದಲ್ಲಿ ಅಂಗುಲಕ್ಕೆ 144 ಹೊಲಿಗೆಗಳು ಬೇಕಾಗುತ್ತವೆ. ಆದ್ದರಿಂದ ಮಾದರಿಯ ಹಾಯಿಯಲ್ಲಿ ಎಲ್ಲ ವಿವರಗಳನ್ನೂ ಯಥಾವತ್ತಾಗಿ ಇಳಿಸದೆ, ನೋಡುವವರ ಕಣ್ಣಿಗೆ ಸಹಜವೆನಿಸುವಷ್ಟನ್ನು ಮಾತ್ರ ತೋರಿಸಲಾಗುತ್ತದೆ.

ದೊಡ್ಡ ಹಾಯಿಗಳನ್ನು ಕಿರಿದಾದ ಬಟ್ಟೆಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಿದ್ದರು. ಬ್ರಿಟಿಷ್ ಹಾಯಿಗಳಲ್ಲಿ ಪಟ್ಟಿಯ ಸಾಮಾನ್ಯ ಅಗಲ 2 ಅಡಿ. ವಿವಿಧ ಪ್ರಮಾಣಗಳಲ್ಲಿ ಈ ಅಗಲ ಹೀಗಿರುತ್ತದೆ:

- 1:48 ಪ್ರಮಾಣ: 12.7 ಮಿ.ಮೀ.
- 1:64 ಪ್ರಮಾಣ: 9.5 ಮಿ.ಮೀ.
- 1:96 ಪ್ರಮಾಣ: 6.4 ಮಿ.ಮೀ.

ಉದಾಹರಣೆಗೆ, ವಿಕ್ಟರಿಯ ಮೇಲೆ ಹೇಳಿದ ಹಾಯಿಯು ಕೆಳಗೆ 80 ಅಡಿ, ಮೇಲೆ 54 ಅಡಿ ಅಗಲ ಮತ್ತು 54 ಅಡಿ ಎತ್ತರವಿದೆ. 1:96 ಪ್ರಮಾಣದಲ್ಲಿ ಅದರ ಕೆಳಅಂಚು 25.4 ಸೆಂ.ಮೀ., ಮೇಲಂಚು ಮತ್ತು ಎತ್ತರ ತಲಾ 17.1 ಸೆಂ.ಮೀ. ಆಗುತ್ತವೆ.

ಬಟ್ಟೆ ಮತ್ತು ಬಣ್ಣ

ತೆಳುವಾದ, ಒತ್ತಾದ ನೇಯ್ಗೆಯ ಹತ್ತಿ ಅಥವಾ ಲಿನನ್ ಬಟ್ಟೆ ಸೂಕ್ತ. ಕೇಂಬ್ರಿಕ್‌ನಂತಹ ನಯವಾದ ಹತ್ತಿಬಟ್ಟೆ ಹೆಚ್ಚು ಬಳಕೆಯಲ್ಲಿದೆ. ತೆಳುವಾಗಿದ್ದರೂ ನೂಲುಗಳ ನಡುವೆ ಕಿಂಡಿ ಕಾಣುವ ಬಟ್ಟೆಯು ಜಾಳಿಗೆಯಂತೆ ತೋರುವುದರಿಂದ ಅದನ್ನು ಬಳಸುವುದಿಲ್ಲ. ತೀರ ಚಿಕ್ಕ ಪ್ರಮಾಣದ ಮಾದರಿಗಳಿಗೆ ಬಟ್ಟೆಯ ಬದಲು ತೆಳುವಾದ ನಾರುಕಾಗದವನ್ನು ಬಳಸುವುದುಂಟು. ಮುಂದೆ ಕುಗ್ಗದಂತೆ ಬಟ್ಟೆಯನ್ನು ಮೊದಲೇ ಒಗೆದು, ಗಂಜಿ ತೆಗೆದು, ಇಸ್ತ್ರಿ ಮಾಡಲಾಗುತ್ತದೆ.

ಅಚ್ಚಬಿಳಿಯ ಬಟ್ಟೆ ಕೃತಕವಾಗಿ ಕಾಣುತ್ತದೆ. ಚಹಾ ಅಥವಾ ಕಾಫಿಯ ಕಷಾಯದಲ್ಲಿ ಅದ್ದಿ ಕಂದುಛಾಯೆ ತರುವುದು ಹಳೆಯ ಪದ್ಧತಿ. ಆದರೆ ಚಹಾದಲ್ಲಿರುವ ಟ್ಯಾನಿನ್ ಆಮ್ಲೀಯವಾದುದರಿಂದ ಕಾಲಾಂತರದಲ್ಲಿ ನಾರನ್ನು ದುರ್ಬಲಗೊಳಿಸುತ್ತದೆ. ದೀರ್ಘಕಾಲ ಬಾಳಬೇಕಾದ ಮಾದರಿಗಳಿಗೆ ನೀರಿನಲ್ಲಿ ತೆಳುಗೊಳಿಸಿದ ಅಕ್ರಿಲಿಕ್ ಬಣ್ಣ ಉತ್ತಮ.

ತಯಾರಿಕೆಯ ಹಂತಗಳು

ಮೊದಲು ನಕ್ಷೆಯ ಆಧಾರದಲ್ಲಿ ಕಾಗದದ ಪಡಿಯಚ್ಚು ಕತ್ತರಿಸಿ, ಮಾದರಿಯ ಮೇಲೆಯೇ ಇಟ್ಟು ಅಳತೆ ಸರಿಹೊಂದಿಸಲಾಗುತ್ತದೆ. ಅಡ್ಡಮರಕ್ಕೆ ಕಟ್ಟುವ ಚೌಕಹಾಯಿಯಲ್ಲಿ ಬಟ್ಟೆಯ ಹಾಸುನೂಲು ಮೇಲಿಂದ ಕೆಳಗೆ ನೇರವಾಗಿರಬೇಕು. ಹಡಗಿನ ಉದ್ದಕ್ಕೆ ಕಟ್ಟುವ ಹಾಯಿಗಳಲ್ಲಿ ಅದು ಹಿಂಬದಿಯ ಅಂಚಿಗೆ ಸಮಾಂತರವಾಗಿರಬೇಕು. ಇಲ್ಲವಾದರೆ ಓರೆಯಾದ ಆ ಅಂಚು ಹಿಗ್ಗಿ ಆಕಾರ ಕೆಡುತ್ತದೆ.

ಹೊಲಿಯುವಾಗ ಬಟ್ಟೆ ಸ್ವಲ್ಪ ಸುಕ್ಕುಗಟ್ಟಿ ಕಿರಿದಾಗುತ್ತದೆ. ಆದುದರಿಂದ ದೊಡ್ಡ ತುಂಡಿನ ಮೇಲೆ ಪಟ್ಟಿಗಳ ಗೆರೆಗಳನ್ನು ಪೆನ್ಸಿಲ್‌ನಿಂದ ಗುರುತಿಸಿ, ಅವುಗಳ ಮೇಲೆ ಹೊಲಿಗೆ ಹಾಕಿದ ನಂತರವೇ ಹಾಯಿಯನ್ನು ಕತ್ತರಿಸಲಾಗುತ್ತದೆ. ಬಟ್ಟೆಗಿಂತ ತುಸು ಗಾಢವಾದ ಬಣ್ಣದ ತೆಳುದಾರವನ್ನು ಬಳಸಲಾಗುತ್ತದೆ. ಹೊಲಿಗೆಯಂತ್ರದಲ್ಲಿ ತೆಳುಬಟ್ಟೆ ಸೆಳೆದುಕೊಳ್ಳದಂತೆ ಕೆಳಗೆ ಕಾಗದವಿಟ್ಟು ಹೊಲಿದು, ಬಳಿಕ ಅದನ್ನು ಹರಿದು ತೆಗೆಯಬಹುದು. ಚಿಕ್ಕ ಪ್ರಮಾಣಗಳಲ್ಲಿ ಹೊಲಿಗೆಗಿಂತ ಪೆನ್ಸಿಲ್ ಗೆರೆಯೇ ಸಹಜವಾಗಿ ಕಾಣುತ್ತದೆ.

ಅಂಚುಗಳನ್ನು ಮಡಿಸಿ ಹೊಲಿದ ಮೇಲೆ ಸುತ್ತಲೂ ಅಂಚುಹಗ್ಗವನ್ನು ಕೂಡಿಸಲಾಗುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಚೌಕಹಾಯಿಗೆ ಇದು ಹಿಂಬದಿಯಲ್ಲಿಯೂ ಉದ್ದಹಾಯಿಗೆ ಎಡಬದಿಯಲ್ಲಿಯೂ ಇರುತ್ತಿತ್ತು. ಕತ್ತಲಲ್ಲಿ ಕೈಯಿಂದ ಮುಟ್ಟಿದ ನಾವಿಕನಿಗೂ ಹಾಯಿಯ ಬದಿಯು ಇದರಿಂದ ತಿಳಿಯುತ್ತದೆ. ಮೂಲೆಗಳಲ್ಲಿ ಹಗ್ಗದ ಕುಣಿಕೆಗಳನ್ನೂ, ಬಿರುಗಾಳಿಯಲ್ಲಿ ಹಾಯಿಯನ್ನು ಕಿರಿದುಗೊಳಿಸುವ ಗಂಟುದಾರಗಳನ್ನೂ ಕೊನೆಯಲ್ಲಿ ಜೋಡಿಸಲಾಗುತ್ತದೆ.

ಆಕಾರ ನೀಡುವುದು

ಗಾಳಿ ತುಂಬಿದ ಹಾಯಿಯನ್ನು ತೋರಿಸಲು, ನೀರು ಬೆರೆಸಿದ ಬಿಳಿ ಅಂಟಿನಿಂದ ಬಟ್ಟೆಯನ್ನು ತೇವಗೊಳಿಸಿ ಉಬ್ಬಾದ ಅಚ್ಚಿನ ಮೇಲೆ ಒಣಗಿಸಲಾಗುತ್ತದೆ. ಅಂಟು ಹೆಚ್ಚಾದರೆ ಬಟ್ಟೆ ಹೊಳೆಯುತ್ತದೆ. ಸುತ್ತಿಟ್ಟ ಹಾಯಿಯನ್ನು ತೋರಿಸುವಾಗ ಪೂರ್ಣ ಎತ್ತರದ ಬಟ್ಟೆಯನ್ನು ಬಳಸಿದರೆ ಸುರುಳಿ ದಪ್ಪವಾಗುವುದರಿಂದ, ಎತ್ತರವನ್ನು ಅರ್ಧ ಅಥವಾ ಮೂರನೆಯ ಒಂದು ಭಾಗಕ್ಕೆ ಇಳಿಸಲಾಗುತ್ತದೆ.

ಸಾಮಾನ್ಯ ದೋಷಗಳು

- ಹಾಯಿಗಳು ಹಿಂದಿನಿಂದ ಬೀಸುವ ಗಾಳಿಗೆ ಉಬ್ಬಿದ್ದರೂ ಧ್ವಜವು ಹಿಂದಕ್ಕೆ ಹಾರುವಂತೆ ತೋರಿಸುವುದು. ಅಂತಹ ಗಾಳಿಯಲ್ಲಿ ಧ್ವಜವೂ ಮುಂದಕ್ಕೆ ಹಾರಬೇಕು.
- ಹಾಯಿಯನ್ನು ಸುತ್ತಿಟ್ಟಿದ್ದರೂ ಮೇಲಿನ ಅಡ್ಡಮರಗಳನ್ನು ಏರಿಸಿದ ಸ್ಥಿತಿಯಲ್ಲಿಯೇ ಇಡುವುದು. ಹಾಯಿ ಸುತ್ತುವಾಗ ಅವುಗಳನ್ನು ಕೆಳಗಿಳಿಸಲಾಗುತ್ತಿತ್ತು.
- ಎದ್ದು ಕಾಣುವ ದಪ್ಪದಾರದ ಹೊಲಿಗೆ ಮತ್ತು ಅಗಲವಾದ ಅಂಚುಮಡಿಕೆ.

ಸಂರಕ್ಷಣೆ

ಧೂಳು, ತೇವ ಮತ್ತು ಬಿಸಿಲು ಬಟ್ಟೆಯ ಹಾಯಿಗೆ ಹಾನಿಕರ. ಬಿಸಿಲಿನಿಂದ ಬಣ್ಣ ಮಾಸಿ ನಾರು ಪೆಡಸಾಗುತ್ತದೆ. ತೇವದಿಂದ ಬೂಸ್ಟು ಹಿಡಿಯುತ್ತದೆ. ಹಗ್ಗಗಳ ನಡುವೆ ಕಟ್ಟಿದ ಹಾಯಿಯನ್ನು ಬಿಚ್ಚಿ ಒಗೆಯುವುದು ಬಹುಮಟ್ಟಿಗೆ ಅಸಾಧ್ಯವಾದುದರಿಂದ, ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ, ನೇರ ಬೆಳಕು ಬೀಳದ ಸ್ಥಳದಲ್ಲಿ ಇರಿಸಲಾಗುತ್ತದೆ.