ಪ್ರಾಚ್ಯವಸ್ತು ಹಾಗೂ ಹಳೆಯ ಕಟ್ಟಡಗಳ ವರ್ಣನೆಗೆ ಪ್ರಮಾಣ ಪದಾವಳಿ

ದೊಡವಾಡ ಸೀಮೆಯ ಊರುಗಳಲ್ಲಿ ಅಗಸಿಯ ಬದಿಗೋ ಗುಡಿಯ ಕಟ್ಟೆಗೋ ಒರಗಿ ನಿಂತ ಹಳೆಯ ಕಲ್ಲುಗಳನ್ನು ಕಾಣದವರಿಲ್ಲ. ಆದರೆ ಅವುಗಳನ್ನು ಬರೆದಿಡುವ ಪ್ರಸಂಗ ಬಂದಾಗ ಒಂದೇ ಕಲ್ಲನ್ನು ಒಬ್ಬರು ‘ದೇವರ ಕಲ್ಲು’ ಎಂದೂ ಇನ್ನೊಬ್ಬರು ‘ಶಾಸನ’ ಎಂದೂ ಮತ್ತೊಬ್ಬರು ‘ವೀರಗಲ್ಲು’ ಎಂದೂ ಕರೆಯುತ್ತಾರೆ. ನಮ್ಮ ಮಠದ ಹಳೆಯ ದಾಸ್ತಾನು ಪಟ್ಟಿಯಲ್ಲಿಯೂ ‘ಬಸವಣ್ಣ – 1’ ಎಂಬ ಒಂದೇ ಸಾಲು ಇದೆ. ಅದು ನಂದಿಯ ವಿಗ್ರಹವೋ, ವಿಶ್ವಗುರು ಬಸವಣ್ಣನವರ ಮೂರ್ತಿಯೋ, ಕಲ್ಲಿನದೋ, ಲೋಹದ್ದೋ ಎಂಬುದು ಆ ಸಾಲಿನಿಂದ ತಿಳಿಯದು. ನಾಳೆ ಆ ವಸ್ತು ಕಾಣೆಯಾದರೆ, ಸಿಕ್ಕಿದ್ದು ಅದೇ ಎಂದು ಸಾಧಿಸಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ಕಾರಣದಿಂದ ಪ್ರಮಾಣ ಪದಾವಳಿಯ ಪರಿಚಯವನ್ನು ಇಲ್ಲಿ ಮಾಡಿಕೊಡುತ್ತಿದ್ದೇವೆ.

ಪ್ರಮಾಣ ಪದಾವಳಿ ಎಂದರೇನು?

ಒಂದು ವಸ್ತುವಿಗೆ ಹಲವು ಹೆಸರುಗಳಿದ್ದಾಗ ಒಂದನ್ನು ಮುಖ್ಯಪದವಾಗಿ ನಿಶ್ಚಯಿಸಿ, ಉಳಿದವುಗಳನ್ನು ಪರ್ಯಾಯಪದಗಳಾಗಿ ಅದರೊಡನೆ ಸೇರಿಸುವ ವ್ಯವಸ್ಥೆಯೇ ಪ್ರಮಾಣ ಪದಾವಳಿ. ಇಷ್ಟಲಿಂಗವನ್ನಿಡುವ ಸಂಪುಟಕ್ಕೆ ‘ಕರಡಿಗೆ’ ಮುಖ್ಯಪದವಾದರೆ, ಆಕಾರಕ್ಕೂ ಸೀಮೆಗೂ ತಕ್ಕಂತೆ ಬಳಕೆಯಲ್ಲಿರುವ ‘ಗುಂಡಗಡಿಗೆ’, ‘ಚೌಕ’ ಮುಂತಾದವು ಅದರ ಕೆಳಗೆ ಬರುತ್ತವೆ. ಇದರಿಂದ ಆಡುಮಾತು ಅಳಿಯುವುದಿಲ್ಲ. ಯಾವ ಹೆಸರಿನಿಂದ ಹುಡುಕಿದರೂ ವಸ್ತು ದೊರೆಯುತ್ತದೆ.

ಜಗತ್ತಿನಲ್ಲಿ ಈ ಕಾರ್ಯ ಬಹುಕಾಲದಿಂದ ನಡೆದಿದೆ. ಅಮೆರಿಕದ ಗೆಟ್ಟಿ ಸಂಸ್ಥೆಯ ಕಲೆ ಮತ್ತು ವಾಸ್ತುಶಿಲ್ಪದ ಪದಕೋಶವು 1990ರಲ್ಲಿ ಮುದ್ರಣಗೊಂಡಿತು. ಕಳುವಾದ ಕಲಾವಸ್ತುಗಳ ಗುರುತಿಗೆ ನೆರವಾಗುವ ‘ಆಬ್ಜೆಕ್ಟ್ ಐಡಿ’ ಎಂಬ ವರ್ಣನಾ ಕ್ರಮ 1997ರಲ್ಲಿ ಜಾರಿಗೆ ಬಂತು. ಭಾರತದಲ್ಲಿ 2007ರಲ್ಲಿ ಆರಂಭವಾದ ರಾಷ್ಟ್ರೀಯ ಸ್ಮಾರಕ ಮತ್ತು ಪ್ರಾಚ್ಯವಸ್ತು ಅಭಿಯಾನವು ಏಕರೂಪದ ದಾಖಲಾತಿಯನ್ನು ತನ್ನ ಗುರಿಯಾಗಿಸಿಕೊಂಡಿತು. ಎಂ. ಎ. ಢಾಕಿಯವರು ಕರ್ನಾಟಕದ ಶಾಸನಗಳಲ್ಲಿ ಬರುವ ದೇವಾಲಯರೂಪಗಳ ಹೆಸರುಗಳನ್ನು ಕುರಿತು 1977ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಪದಗಳಿಗಾಗಿ ನಾವು ಹೊರಗೆ ಅಲೆಯಬೇಕಿಲ್ಲ, ನಮ್ಮ ಕಲ್ಲುಗಳಲ್ಲೇ ಅವು ಇವೆ ಎಂಬುದಕ್ಕೆ ಇದೇ ಸಾಕ್ಷಿ.

ಗುಡಿಯ ಪದಗಳು

ಕಟ್ಟಡವನ್ನು ಕೆಳಗಿನಿಂದ ಮೇಲಕ್ಕೆ, ಹೊರಗಿನಿಂದ ಒಳಕ್ಕೆ ವರ್ಣಿಸುವುದು ಲೇಸು. ತಳಪೀಠಕ್ಕೆ ಅಧಿಷ್ಠಾನ, ಗೋಡೆಗೆ ಭಿತ್ತಿ, ಗರ್ಭಗೃಹದ ಮೇಲಿನ ಭಾಗಕ್ಕೆ ಶಿಖರ, ತುದಿಗೆ ಕಲಶ. ಒಳಗೆ ಮುಖಮಂಟಪ, ನವರಂಗ, ಅಂತರಾಳ, ಗರ್ಭಗೃಹ. ಬಾಗಿಲುವಾಡದ ಪಟ್ಟಿಕೆಗಳು ಶಾಖೆಗಳು. ಮೇಲಡ್ಡಪಟ್ಟಿಯ ನಡುವಣ ಶಿಲ್ಪ ಲಲಾಟಬಿಂಬ. ಒರಗಿ ಕೂರುವ ಕಲ್ಲಾಸನ ಕಕ್ಷಾಸನ.

ಇಲ್ಲಿ ಒಂದು ಎಚ್ಚರ ಅಗತ್ಯ. ಕನ್ನಡದಲ್ಲಿ ಅಂತರಾಳವನ್ನು ‘ಸುಕನಾಸಿ’ ಎನ್ನುವ ರೂಢಿಯಿದೆ. ಶಿಖರದ ಮುಂದಕ್ಕೆ ಚಾಚಿದ ಭಾಗಕ್ಕೂ ಶುಕನಾಸ ಎಂಬ ಹೆಸರಿದೆ. ಒಂದೇ ವರದಿಯಲ್ಲಿ ಎರಡೂ ಬಂದರೆ ಓದುಗರು ದಾರಿ ತಪ್ಪುತ್ತಾರೆ. ಆದ್ದರಿಂದ ಒಳಭಾಗಕ್ಕೆ ‘ಅಂತರಾಳ’ವೆಂದೇ ಬರೆಯತಕ್ಕದ್ದು.

ಪದವೊಂದೇ ಸಾಲದ ಪ್ರಸಂಗಗಳೂ ಉಂಟು. ಮೂರು ಗರ್ಭಗೃಹಗಳಿರುವ ಗುಡಿಗೆ ತ್ರಿಕೂಟವೆನ್ನುತ್ತೇವೆ. ಸಾಮಾನ್ಯವಾಗಿ ಅವು ಮಂಟಪದ ಮೂರು ದಿಕ್ಕಿಗಿರುತ್ತವೆ. ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಲ್ಲಾದರೋ ಅವು ಒಂದೇ ಸಾಲಿನಲ್ಲಿವೆ. ‘ಮೂರು ಗರ್ಭಗೃಹ, ಒಂದೇ ಸಾಲು’ ಎಂದು ಸೇರಿಸಿದಾಗಲೇ ವರ್ಣನೆ ಪೂರ್ಣವಾಗುತ್ತದೆ.

ನಿಂತ ಕಲ್ಲುಗಳು

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಅದು ಮಾಸ್ತಿಕಲ್ಲು. ಗುಡಿಗೆ ಅಥವಾ ಮಠಕ್ಕೆ ಬಿಟ್ಟ ಭೂಮಿಯ ಎಲ್ಲೆಯಲ್ಲಿ ನೆಟ್ಟ, ಲಿಂಗದ ಗುರುತುಳ್ಳ ಕಲ್ಲು ಲಿಂಗಮುದ್ರೆಕಲ್ಲು. ದಾನಶಾಸನದ ತಲೆಯಲ್ಲಿ ಸೂರ್ಯ, ಚಂದ್ರ, ಲಿಂಗ, ಆಕಳು-ಕರು ಇರುವುದುಂಟು. ಅಕ್ಷರಗಳಿದ್ದ ಮಾತ್ರಕ್ಕೆ ಅದು ದಾನಶಾಸನವಲ್ಲ. ವೀರಗಲ್ಲಿನಲ್ಲಿಯೂ ಬರಹವಿರುತ್ತದೆ.

ದ್ರವ್ಯ ಮತ್ತು ಅಳತೆ

‘ಕರಿಕಲ್ಲು’ ಎಂಬ ಪದ ಹಲವು ಶಿಲೆಗಳಿಗೆ ಸಲ್ಲುತ್ತದೆ. ತಜ್ಞರು ನೋಡುವವರೆಗೆ ಬಣ್ಣ, ಕಣ, ಗಡಸುತನಗಳನ್ನಷ್ಟೇ ಬರೆಯಬೇಕು. ಹಾಗೆಯೇ ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಪರೀಕ್ಷೆಯಿಲ್ಲದೆ ‘ಪಂಚಲೋಹ’ವೆಂದು ಬರೆಯದೆ ‘ತಾಮ್ರಮಿಶ್ರ ಲೋಹ’ ಎನ್ನುವುದೇ ಪ್ರಾಮಾಣಿಕವಾದುದು. ಎತ್ತರ, ಅಗಲ, ದಪ್ಪಗಳನ್ನು ಇದೇ ಕ್ರಮದಲ್ಲಿ ಸೆಂಟಿಮೀಟರಿನಲ್ಲಿ ಕೊಡಬೇಕು. ‘ಬಲಗೈ’ ಎಂದರೆ ಮೂರ್ತಿಯ ಬಲಗೈಯೇ ಹೊರತು ನೋಡುವವರ ಬಲಬದಿಯಲ್ಲ. ತಾಳೆಗರಿಯ ಕಟ್ಟಿಗೆ ಗರಿಗಳ ಸಂಖ್ಯೆ, ಪುಟಕ್ಕೆ ಸಾಲುಗಳು, ರಂಧ್ರಗಳು, ಸವೆತ – ಇವು ಮುಖ್ಯ.

1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪಾದಿಗಳೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮೌಲಿಕ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ನಮ್ಮ ಮಠಗಳ ಗಂಟುಗಳಲ್ಲಿರುವ ಎಷ್ಟೋ ವಚನದ ಕಟ್ಟುಗಳು ಈ ಮಾತಿಗೆ ಒಳಪಡುತ್ತವೆ.

ಕಂಡದ್ದು ಮೊದಲು, ಊಹೆ ಆಮೇಲೆ

ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಲಲಾಟದಲ್ಲಿ ಗಜಲಕ್ಷ್ಮಿ ಇದ್ದ ಮಾತ್ರಕ್ಕೆ ಗುಡಿ ಯಾವ ಪಂಥದ್ದೆಂದು ಹೇಳಲಾಗದು. ಒಳಗಿನ ಪೂಜೆ ಕಾಲದೊಡನೆ ಬದಲಾಗಿರಬಹುದು. ಊರವರು ಹೇಳುವ ಐತಿಹ್ಯವನ್ನೂ ಬಿಡದೆ, ‘ಊರವರ ಹೇಳಿಕೆ’ ಎಂಬ ಶೀರ್ಷಿಕೆಯಡಿ ಕೊಡಬೇಕು.

ಮಾದರಿಗಾಗಿ ಒಂದು ನಮೂದು: ‘ವೀರಗಲ್ಲು. ಕಪ್ಪು ಬಣ್ಣದ ನುಣುಪು ಶಿಲೆ. ಎತ್ತರ 110, ಅಗಲ 55, ದಪ್ಪ 18 ಸೆಂ.ಮೀ. ಮೂರು ಹಂತ, ನಡುವಣ ಪಟ್ಟಿಕೆಯಲ್ಲಿ ಎರಡು ಸಾಲು ಕನ್ನಡ ಬರಹ. ಮೇಲಿನ ಎಡಮೂಲೆ ಭಗ್ನ. ಎಣ್ಣೆಬಣ್ಣ ಬಳಿಯಲಾಗಿದೆ.’ ಇದಕ್ಕೆ ಮುಂದಿನ, ಹಿಂದಿನ ಛಾಯಾಚಿತ್ರಗಳನ್ನು ಸೇರಿಸಿದರೆ ಆ ಕಲ್ಲು ಎಲ್ಲಿ ಹೋದರೂ ಗುರುತು ಸಿಗುತ್ತದೆ. ಬಣ್ಣವನ್ನು ಕೆರೆದು ತೆಗೆಯುವ ಸಾಹಸ ಮಾತ್ರ ಬೇಡ. ಅದು ತಜ್ಞರ ಕೆಲಸ.

‘ಬಸವಣ್ಣ – 1’ ಎಂಬ ಸಾಲನ್ನು ನಾವು ಈಗ ತಿದ್ದಿ ಬರೆಯುತ್ತಿದ್ದೇವೆ. ಸದ್ಭಕ್ತರೂ ತಮ್ಮ ತಮ್ಮ ಊರಿನ ಒಂದೊಂದು ಕಲ್ಲನ್ನು ಹೀಗೆ ಬರೆದಿಟ್ಟರೆ, ಹಿರಿಯರು ನಮಗೆ ಒಪ್ಪಿಸಿದ್ದನ್ನು ಮುಂದಿನವರಿಗೆ ಲೆಕ್ಕಸಹಿತ ಒಪ್ಪಿಸಿದಂತಾದೀತು.