ಪೆಡಸು ಪಾಲಿಮರಿನಲ್ಲಿ ರಬ್ಬರಿನ ಕಣ

ಪಾಲಿಸ್ಟೈರೀನ್ ಗಾಜಿನಂತೆ ತಿಳಿಯಾದುದು, ಗಾಜಿನಂತೆಯೇ ಪೆಡಸು. ಅದಕ್ಕೆ ರಬ್ಬರನ್ನು ಕೂಡಿಸುವ ವಿಧಾನಕ್ಕೆ, ರಷ್ಯದಿಂದ ಅಮೆರಿಕಕ್ಕೆ ವಲಸೆಹೋದ ರಸಾಯನಶಾಸ್ತ್ರಜ್ಞ ಆಸ್ಟ್ರೊಮಿಸ್ಲೆನ್ಸ್ಕಿಯು 1927ರಲ್ಲಿಯೇ ಪೇಟೆಂಟು ಪಡೆದಿದ್ದನು. ರಬ್ಬರನ್ನು ಸ್ಟೈರೀನ್ ದ್ರವದಲ್ಲಿ ಕರಗಿಸಿ, ಬಳಿಕ ಆ ದ್ರವವನ್ನು ಪಾಲಿಮರಾಗಿಸುವುದು ಅವನ ಕ್ರಮ. ಆದರೆ ಸರಕು ಪೇಟೆಯನ್ನು ಹಿಡಿದುದು ಎರಡನೆಯ ಮಹಾಯುದ್ಧದ ತರುವಾಯ. ಡೌ ಕಂಪನಿಯ ಆಮೋಸ್ ಮತ್ತು ಸಂಗಡಿಗರಿಗೆ 1954ರಲ್ಲಿ ದೊರೆತ ಪೇಟೆಂಟಿನ ತಿರುಳು ಬಲು ಸರಳವಾದುದು: ಕಲಕಬೇಕು. ಕಲಕಿದರೆ ರಬ್ಬರು ಹನಿಹನಿಯಾಗಿ ಚದರುತ್ತದೆ. ಕಲಕದಿದ್ದರೆ ಬಲೆಯಂತೆ ಹೆಣೆದುಕೊಂಡು, ಸರಕು ಅಚ್ಚಿಗೆ ಒಗ್ಗದೆ ಹೋಗುತ್ತದೆ. ಅಡಿಗೆಮನೆಯಲ್ಲಿ ಹುಳಿ ಕಲಕಿದವರಿಗೆ ಇದೇನೂ ಹೊಸದಲ್ಲ.

ನೂರಕ್ಕೆ ಐದು–ಹತ್ತು ಪಾಲಿನಷ್ಟೇ ಇರುವ ಈ ರಬ್ಬರು ಬಿರುಕನ್ನು ತಡೆಯುವುದು ಹೇಗೆ? ಕಾರ್ಖಾನೆ ಬಲ್ಲ ಕೆಲಸಕ್ಕೆ ಶಾಸ್ತ್ರದಲ್ಲಿ ಕಾರಣವಿರಲಿಲ್ಲ. 1956ರಲ್ಲಿ ಮರ್ಜ್, ಕ್ಲೇವರ್, ಬೇಯರ್ ಎಂಬ ಮೂವರು ಒಂದು ವಿವರಣೆಯನ್ನು ಮುಂದಿಟ್ಟರು. ಬಿರುಕಿನ ಎರಡು ದಡಗಳನ್ನು ರಬ್ಬರಿನ ಕಣಗಳು ಸೇತುವೆಯಂತೆ ಹಿಡಿದು, ಹಿಗ್ಗುತ್ತ ಶಕ್ತಿಯನ್ನು ಹೀರುತ್ತವೆ ಎಂಬುದು ಅವರ ಮತ. ಅದು ಮನಸ್ಸಿಗೆ ಒಪ್ಪುವಂಥದು, ಲೆಕ್ಕಕ್ಕೆ ಒಪ್ಪುವಂಥದಲ್ಲ.

ಲೆಕ್ಕದ ಕ್ರಮವಾದರೋ ಆಗಲೇ ಸಿದ್ಧವಾಗಿತ್ತು. ಬಿರುಕು ಹಬ್ಬಿದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೇಲ್ಮೈಯ ವೆಚ್ಚವನ್ನು ತುಂಬಬೇಕೆಂದು ಗ್ರಿಫಿತ್ 1921ರಲ್ಲಿ ಗಾಜಿನ ವಿಷಯದಲ್ಲಿ ತೋರಿಸಿದ್ದನು. ಇಂಗ್ಲೆಂಡಿನ ರಿವ್ಲಿನ್ ಮತ್ತು ಥಾಮಸ್ 1953ರಲ್ಲಿ ಇದನ್ನು ರಬ್ಬರಿಗೆ ಒಗ್ಗಿಸಿದರು. ರಬ್ಬರು ಹರಿಯಲು ಬೇಕಾಗುವ ಶಕ್ತಿ ಮೇಲ್ಮೈಯ ಶಕ್ತಿಗಿಂತ ಸಾವಿರಾರು ಪಟ್ಟು ಹೆಚ್ಚು. ಉಳಿದುದೆಲ್ಲ ಸೀಳಿನ ತುದಿಯ ಸುತ್ತಲೇ ವ್ಯಯವಾಗುತ್ತದೆ. ಹಾಳೆಯ ಆಕಾರ ಬದಲಾದರೂ ಹರಿಯಲು ತೊಡಗುವ ಶಕ್ತಿಯ ಪ್ರಮಾಣ ಬದಲಾಗದು. ಷರಾಯಿಯ ಎರಡು ಕಾಲುಗಳಂತೆ ಸೀಳಿದ ಹಾಳೆಯನ್ನು ಎಳೆದರೆ, ಕಾಲುಗಳು ಹೆಚ್ಚು ಹಿಗ್ಗದಿದ್ದಲ್ಲಿ, ಎಳೆತದ ಬಲದ ಎರಡರಷ್ಟನ್ನು ಹಾಳೆಯ ದಪ್ಪದಿಂದ ಭಾಗಿಸಿದರೆ ಸಾಕು, ಅದು ದೊರೆಯುತ್ತದೆ.

ಬೆರಕೆಯಲ್ಲಿ ಆ ವೆಚ್ಚ ಎಲ್ಲಿ ನಡೆಯುತ್ತದೆ? ಕಣಗಳ ಹಿಗ್ಗುವಿಕೆಗೆ ಸಲ್ಲುವುದು ಅಲ್ಪ ಭಾಗವೆಂದು ನ್ಯೂಮನ್ ಮತ್ತು ಸ್ಟ್ರೆಲ್ಲ 1965ರಲ್ಲಿ ಎಣಿಸಿದರು. ಅದೇ ವರ್ಷ ಬಕ್ನಾಲ್ ಮತ್ತು ಸ್ಮಿತ್, ಎಳೆದ ಪಾಲಿಸ್ಟೈರೀನು ಬೆಳ್ಳಗಾಗುವುದರ ಗುಟ್ಟನ್ನು ಬಿಡಿಸಿದರು. ಆ ಬಿಳುಪು ಅಸಂಖ್ಯ ಸೂಕ್ಷ್ಮ ಬಿರಿತಗಳದು. ಅವು ಪೂರ್ಣ ಬಿರುಕುಗಳಲ್ಲ. ಪಾಲಿಮರಿನ ಎಳೆಗಳು ಅವುಗಳ ಎರಡು ದಡಗಳನ್ನೂ ಹಿಡಿದಿರುತ್ತವೆ. ರಬ್ಬರಿನ ಕಣವು ಇವುಗಳನ್ನು ಎಲ್ಲೆಲ್ಲೂ ಹುಟ್ಟಿಸುತ್ತದೆ, ಬೆಳೆಯಗೊಡದೆ ತಡೆಯುತ್ತದೆ. ಸೇತುವೆ ರಬ್ಬರಲ್ಲ, ಪೆಡಸೆಂದು ಹೆಸರಾದ ಪಾಲಿಸ್ಟೈರೀನೇ.

ಒಂದೇ ಏಟಿನ ಮುಂದೆ ಈ ಉಪಾಯ ಗೆಲ್ಲುತ್ತದೆ. ಆದರೆ ಭಾರವು ಸಾವಿರಾರು ಬಾರಿ ಮರಳಿ ಮರಳಿ ಬಿದ್ದಾಗ, ಬೇಗನೆ ಹುಟ್ಟುವ ಆ ಬಿರಿತಗಳಲ್ಲಿಯೇ ನಿಜವಾದ ಬಿರುಕು ಮೊಳೆಯುವುದುಂಟು. ಆಗ ರಬ್ಬರಿಲ್ಲದ ಪಾಲಿಸ್ಟೈರೀನು ಅಷ್ಟೇ ಭಾರದಡಿಯಲ್ಲಿ ಹೆಚ್ಚು ಕಾಲ ಬಾಳಿದ ಉದಾಹರಣೆಗಳಿವೆ.