ಮುಂದಿನ ಪದ ಯಾರದು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಅದೇ ಮಾತಿನ ಬರಹರೂಪ ಇದು. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.

ಕೆಲವು ವರ್ಷದ ಹಿಂದೆ ಪುಣೆಯ ನಮ್ಮ ಮನೆಯಲ್ಲಿ ಒಂದು ರಟ್ಟು ಇತ್ತು, ಅದರ ಮೇಲೆ ಕನ್ನಡ ವರ್ಣಮಾಲೆ. ಧಾರವಾಡದ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದ ಕಾಕಾಗೆ ಮೋಟಾರ್ ನ್ಯೂರಾನ್ ಕಾಯಿಲೆ. ಮಾತು ಪೂರ್ತಿ ನಿಂತಿತ್ತು, ಕೈ ಏಳುತ್ತಿರಲಿಲ್ಲ. ನಾವು ಅಕ್ಷರಗಳ ಮೇಲೆ ಬೆರಳು ಆಡಿಸುತ್ತಾ ಹೋಗೋದು, ಬೇಕಾದ್ದು ಬಂದಾಗ ಅವರು ಹುಬ್ಬು ಎತ್ತೋದು. ಒಂದಿನ "ನೀ" ಅಂತ ಬಂತು. ಅವ್ವ ತಕ್ಷಣ ನೀರು ತಂದಳು. ಅವರು ಕಣ್ಣು ಮುಚ್ಚಿಕೊಂಡರು. ಮತ್ತೆ "ನೀ", ಮತ್ತೆ ಚಮಚದಲ್ಲಿ ನೀರು. ಅವರು ಕೇಳಿದ್ದು ನೀಲಿ ಫೈಲು ಅಂತ ಗೊತ್ತಾಗುವಾಗ ಸಂಜೆಯಾಗಿತ್ತು. ಹೊಲದ ಕಾಗದ ಅದರಲ್ಲಿದ್ದವು.

ನಾನು ಸಾಫ್ಟ್‌ವೇರ್‌ನವನು. ಅವ್ವ ಮಾಡಿದ್ದು ನಮ್ಮ ಭಾಷೆಯಲ್ಲಿ ಹೇಳೋದಾದರೆ ಟೆಕ್ಸ್ಟ್ ಪ್ರಿಡಿಕ್ಷನ್: ಶುರುವಿನ ಅಕ್ಷರ ನೋಡಿ, ಜನ ಹೆಚ್ಚಾಗಿ ಹೇಳುವ ಪದ ಊಹಿಸುವುದು. ನಮ್ಮ ಫೋನಿನ ಕೀಬೋರ್ಡೂ ಅದನ್ನೇ ಮಾಡುತ್ತದೆ. ನಮಗೆ ಊಹೆ ತಪ್ಪಾದರೆ ಅರ್ಧ ಸೆಕೆಂಡ್ ನಷ್ಟ, ಕಾಕಾಗೆ ಒಂದು ದಿನ. ಆ ರಾತ್ರಿಯಿಂದಲೇ ನಾನು ಈ ಚರಿತ್ರೆ ಓದೋಕೆ ಕೂತಿದ್ದು.

ಓದುವಾಗ ಮೊದಲು ಸಿಗುವವರು ಸ್ಟೀಫನ್ ಹಾಕಿಂಗ್. 1985ರಲ್ಲಿ ಜಿನೀವಾದಲ್ಲಿದ್ದಾಗ ಅವರಿಗೆ ನ್ಯುಮೋನಿಯಾ ಆಯಿತು. ಜೀವ ಉಳಿಸೋಕೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಟದ ನಳಿಗೆ ಹಾಕಬೇಕಾಯಿತು, ಅಳಿದುಳಿದ ಮಾತೂ ಹೋಯಿತು. ಅವರದ್ದೂ ಮೊದಲು ನಮ್ಮ ರಟ್ಟಿನ ಕಥೆಯೇ. ಯಾರಾದರೂ ಕಾರ್ಡಿನ ಮೇಲೆ ಅಕ್ಷರ ತೋರಿಸಬೇಕು, ಅವರು ಹುಬ್ಬು ಎತ್ತಬೇಕು.

ಇದನ್ನು ಕೇಳಿದ ಕ್ಯಾಲಿಫೋರ್ನಿಯಾದ ವಾಲ್ಟ್ ವೋಲ್ಟೋಜ್ ತಮ್ಮ 'ಈಕ್ವಲೈಜರ್' ಪ್ರೋಗ್ರಾಮ್ ಕಳಿಸಿಕೊಟ್ಟರು. ಅದೇ ಕಾಯಿಲೆಯಿದ್ದ ತಮ್ಮ ಅತ್ತೆಗಾಗಿ ಅವರು ಬರೆದಿದ್ದದು. ಪರದೆಯ ಮೇಲೆ ಕರ್ಸರ್ ತಾನಾಗಿಯೇ ಓಡುತ್ತಿರುತ್ತದೆ, ಬೇಕಾದ ಜಾಗಕ್ಕೆ ಬಂದಾಗ ಕೈಯಲ್ಲಿನ ಒಂದು ಗುಂಡಿ ಒತ್ತಬೇಕು, ಅಷ್ಟೇ. ಅಕ್ಷರ ಅಕ್ಷರ ಆರಿಸಿದರೆ ಯುಗ ಕಳೆಯುತ್ತದೆ, ಅದಕ್ಕೇ ಪದಗಳ ಪಟ್ಟಿಯನ್ನೇ ಮುಂದಿಡುತ್ತಿತ್ತು. ಹಾಕಿಂಗ್ ಇದರಲ್ಲಿ ನಿಮಿಷಕ್ಕೆ ಸುಮಾರು 15 ಪದ ಮುಟ್ಟಿದರು. ಮಾತಾಡುವ ನಾವು ನಿಮಿಷಕ್ಕೆ ನೂರಕ್ಕೂ ಹೆಚ್ಚು ಪದ ಆಡುತ್ತೇವೆ ಅನ್ನೋದು ನೆನಪಿರಲಿ.

ಆ ಯಂತ್ರದ ದನಿಯ ಹಿಂದೆ ಎಂಐಟಿಯ ವಿಜ್ಞಾನಿ ಡೆನ್ನಿಸ್ ಕ್ಲಾಟ್ ಇದ್ದಾರೆ. ತಮ್ಮದೇ ದನಿಯನ್ನು ಅಳೆದು ಅದನ್ನು ಕಟ್ಟಿದವರು ಅವರು. 1988ರಲ್ಲಿ ತೀರಿಕೊಂಡರು. ಅವರ ದನಿಯ ನೆರಳು ಇಂಗ್ಲಿಷ್ ಭೌತವಿಜ್ಞಾನಿಯ ಬಾಯಲ್ಲಿ ಇನ್ನೂ ಮೂವತ್ತು ವರ್ಷ ಮಾತಾಡಿತು, ಅದೂ ಅಮೆರಿಕನ್ ಉಚ್ಚಾರದಲ್ಲಿ! ಆಮೇಲೆ ಹೆಚ್ಚು ಸಹಜವಾದ ದನಿಗಳು ಬಂದರೂ ಹಾಕಿಂಗ್ ಬದಲಿಸಲಿಲ್ಲ. ಅದೇ ತನ್ನ ದನಿ ಅಂದುಬಿಟ್ಟಿದ್ದರು. ಹಳೆಯ ಹಾರ್ಡ್‌ವೇರ್ ಸಿಗದಾದಾಗ ಎಂಜಿನಿಯರುಗಳು ಆ ಚಿಪ್ಪುಗಳ ಕೆಲಸವನ್ನು ಸಾಫ್ಟ್‌ವೇರಿನಲ್ಲಿ ಮರುಸೃಷ್ಟಿಸಿ, ಪುಟ್ಟ ರಾಸ್ಪ್‌ಬೆರಿ ಪೈನಲ್ಲಿ ಓಡಿಸಿ 2018ರ ಆರಂಭದಲ್ಲಿ ಕೊಟ್ಟರು. ಅದೇ ಮಾರ್ಚ್ 14ಕ್ಕೆ ಅವರು ಹೋದರು.

ಅಷ್ಟರಲ್ಲಿ ಕೈಯೂ ಸೋತಿತ್ತು. ಕನ್ನಡಕಕ್ಕೆ ಕಟ್ಟಿದ ಸೆನ್ಸರ್ ಕೆನ್ನೆಯ ಸಣ್ಣ ಅಲುಗಾಟ ಹಿಡಿಯುತ್ತಿತ್ತು. ನಿಮಿಷಕ್ಕೆ ಒಂದೆರಡು ಪದಕ್ಕೆ ಇಳಿದಾಗ ಇಂಟೆಲ್‌ನ ಲಾಮಾ ನಾಚ್‌ಮನ್ ತಂಡ ಬಂತು. ಕಣ್ಣಿನ ಚಲನೆ ಹಿಡಿಯಲು ನೋಡಿದರು, ರೆಪ್ಪೆ ಜೋತುಬಿದ್ದಿದ್ದರಿಂದ ಆಗಲಿಲ್ಲ. ಕೊನೆಗೆ ಗೆದ್ದದ್ದು ಸ್ವಿಫ್ಟ್‌ಕೀ ಕಂಪನಿಯ ಪದ ಊಹೆ. ಅದಕ್ಕೆ ಹಾಕಿಂಗ್ ಅವರದೇ ಬರಹ, ಭಾಷಣಗಳನ್ನು ಉಣಿಸಿದ್ದರು. 'ದ' ಆರಿಸಿದರೆ 'ಬ್ಲ್ಯಾಕ್', ಅದನ್ನು ಆರಿಸಿದರೆ 'ಹೋಲ್' ತಾನಾಗಿ ಬರುತ್ತಿತ್ತು! ಟೈಪ್ ಮಾಡಬೇಕಾದ ಅಕ್ಷರ ಐದರಲ್ಲಿ ಒಂದಕ್ಕೂ ಕಮ್ಮಿಯಾಯಿತು. 2015ರಲ್ಲಿ ಇಂಟೆಲ್ ಆ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು.

(ನಡುವೆ ಒಂದು ಮಾತು. ನಮ್ಮ ಕಾಲೇಜು ದಿನಗಳ ನೋಕಿಯಾದಲ್ಲಿ ಟಿ9 ಇತ್ತಲ್ಲ, ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಕ್ಲಿಫ್ ಕುಷ್ಲರ್ ಅದಕ್ಕೂ ಮೊದಲು ಮಾತು ಬಾರದವರ ಸಾಧನಗಳ ಮೇಲೆ ಕೆಲಸ ಮಾಡಿದ್ದವರು. ನಾವು ಎಸ್ಸೆಮ್ಮೆಸ್ಸಿಗೆ ಬಳಸಿದ್ದರ ಬೇರು ಅಲ್ಲಿದೆ.)

ಭಾರತದಲ್ಲೂ ಕೆಲಸ ಆಗಿದೆ. ಚೆನ್ನೈನ ಅಜಿತ್ ನಾರಾಯಣನ್ ತಂಡದ 'ಆವಾಜ್', ಮುಂಬೈ ಐಐಟಿಯ 'ಜೆಲ್ಲೋ' ಎರಡೂ ಚಿತ್ರ ಮುಟ್ಟಿ ಮಾತಾಡಿಸುವಂಥವು, ಹೆಚ್ಚಾಗಿ ಮಕ್ಕಳಿಗೆ. ಜೀವನವಿಡೀ ಕಾಗದ ಬರೆದ ಕಾಕಾಗೆ ಚಿತ್ರ ಸಾಲದು, ಅಕ್ಷರವೇ ಬೇಕು.

ಕನ್ನಡದಲ್ಲಿ ಅದು ಸುಲಭವಲ್ಲ. ಇಂಗ್ಲಿಷಿನ 26ರ ಜಾಗದಲ್ಲಿ ನಮ್ಮದು 49 ಅಕ್ಷರ, ಮೇಲೆ ಕಾಗುಣಿತ, ಒತ್ತು. ಕರ್ಸರ್ ಓಡುವ ದಾರಿಯೇ ಉದ್ದ. ಇನ್ನು ಪದ? ಹೊಲ, ಹೊಲದಾಗ, ಹೊಲಕ್ಕ, ಹೊಲದಿಂದ, ಹೊಲದವರು... ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲೋದು ನಮ್ಮಲ್ಲಿ ಬಾಲವಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಪದಗಳ ಪಟ್ಟಿ ಸಾಲಲ್ಲ, ಮೊದಲು ಬುಡ, ಆಮೇಲೆ ಬಾಲ ಅಂತ ಎರಡು ಹಂತದಲ್ಲಿ ಊಹಿಸಬೇಕು. ನಾನು ರಾತ್ರಿ ಕೂತು ಹಾಗೇ ಬರೆದೆ, ಹಳೇ ಲ್ಯಾಪ್‌ಟಾಪಿಗೆ, ಹುಬ್ಬು ನೋಡುವ ಕ್ಯಾಮೆರಾ ಇಟ್ಟು. ಮೊದಲು ಪತ್ರಿಕೆಗಳ ಕನ್ನಡ ತುಂಬಿದೆ. ಕಾಕಾ "ಸ" ಆರಿಸಿದರೆ "ಸರ್ಕಾರ", "ಸಚಿವರು", "ಸಭೆ"! ಅವರು ಒಂದು ವಾರ ಅದನ್ನು ಸಹಿಸಿಕೊಂಡು ಮತ್ತೆ ರಟ್ಟಿನ ಕಡೆ ನೋಡಿದರು.

ಆಗ ಹಾಕಿಂಗ್ ಕಥೆ ನೆನಪಾಯ್ತು. ಅಪ್ಪನಿಗೆ ಕಾಕಾ ವರ್ಷಗಟ್ಟಲೆ ಬರೆದಿದ್ದ ಇನ್‌ಲ್ಯಾಂಡ್ ಪತ್ರಗಳು ಟ್ರಂಕಿನಲ್ಲಿದ್ದವು. ನಾನೂ ಅವ್ವನೂ ಎರಡು ತಿಂಗಳು ಅವನ್ನು ಟೈಪ್ ಮಾಡಿದೆವು, ಕಾಗುಣಿತ ತಿದ್ದದೆ, ಅವರು ಬರೆದ ಹಾಗೇ.

ಅದನ್ನು ತುಂಬಿ ಓಡಿಸಿದ ದಿನ ಕಾಕಾ "ಮ" ಆರಿಸಿದರು. ಪಟ್ಟಿಯ ತುದಿಯಲ್ಲಿ ಬಂದಿದ್ದು "ಮಳಿ". "ಮಳೆ" ಅಲ್ಲ. ಅವರು ಪರದೆ ನೋಡಿದರು, ಅವ್ವನ ಕಡೆ ನೋಡಿದರು, ಹುಬ್ಬು ಎತ್ತಿದರು. ಆಮೇಲೆ ನಾವು ಯಾರೂ ನಡುವೆ ಬಾಯಿ ಹಾಕದೆ ಹತ್ತು ನಿಮಿಷ ಕಾದೆವು. ಪರದೆಯ ಮೇಲೆ ಬಂದದ್ದು: ಮಳಿ ಆತೇನ ಊರಾಗ?